ಕ್ಯಾನ್ಸರ್ ಔಷಧ ಪ್ರಯೋಗ: ಸಹಿ ಹಾಕುವ ಮುನ್ನ

ಸ್ತನ ಕ್ಯಾನ್ಸರ್ ಮೂಳೆ, ಶ್ವಾಸಕೋಶ ಅಥವಾ ಯಕೃತ್ತಿಗೆ ಹರಡಿದ ನಂತರ ಅದನ್ನು ಸಂಪೂರ್ಣವಾಗಿ ಗುಣಪಡಿಸುವುದು ಬಹುತೇಕ ಸಾಧ್ಯವಾಗದು. ರೋಗವನ್ನು ಹತೋಟಿಯಲ್ಲಿಟ್ಟು, ಇರುವಷ್ಟು ಕಾಲ ನೆಮ್ಮದಿಯಿಂದ ಬಾಳುವಂತೆ ಮಾಡುವುದೇ ಆಗ ಚಿಕಿತ್ಸೆಯ ಗುರಿ. ಇಂಥ ಹಂತದಲ್ಲಿ, 'ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ?' ಎಂದು ವೈದ್ಯರು ಕೇಳುವುದುಂಟು. ನಮ್ಮವರನ್ನು ಪ್ರಯೋಗಪಶು ಮಾಡುತ್ತಿದ್ದಾರೆಂದು ಕೆಲವರು ಹೆದರುತ್ತಾರೆ. ಇದೇ ಸಂಜೀವಿನಿ ಎಂದು ಇನ್ನು ಕೆಲವರು ನಂಬುತ್ತಾರೆ. ಎರಡೂ ಸರಿಯಲ್ಲ. ಪ್ರಯೋಗವೆಂದರೆ ಉತ್ತರ ಇನ್ನೂ ತಿಳಿಯದ ಒಂದು ಪ್ರಶ್ನೆ.

ಎರಡು ಪ್ರಯೋಗ, ಎರಡು ಉತ್ತರ

ಟ್ರಾಸ್ಟುಜುಮಾಬ್ ಔಷಧವನ್ನೇ ನೋಡಿ. ಎಚ್‌ಇಆರ್2 ಎಂಬ ಪ್ರೊಟೀನ್ ಅಧಿಕವಾಗಿದ್ದು, ಕ್ಯಾನ್ಸರ್ ಹರಡಿದ್ದ 469 ಮಹಿಳೆಯರ ಮೇಲೆ ಅದರ ಪರೀಕ್ಷೆ ನಡೆಯಿತು. ಎಲ್ಲರಿಗೂ ಕಿಮೊಥೆರಪಿ ದೊರೆಯಿತು. ಅರ್ಧದಷ್ಟು ಮಂದಿಗೆ ಜತೆಯಲ್ಲಿ ಹೊಸ ಔಷಧವನ್ನೂ ನೀಡಲಾಯಿತು. ಬದುಕುಳಿದ ಅವಧಿಯ ಮಧ್ಯಮಾಂಕ ಸುಮಾರು 20 ತಿಂಗಳಿಂದ 25 ತಿಂಗಳಿಗೆ ಏರಿತು. ಆದರೆ ಕೆಲವರಲ್ಲಿ ಹೃದಯದ ಸಾಮರ್ಥ್ಯ ಕುಗ್ಗಿತು. 1998ರಲ್ಲಿ ಅಮೆರಿಕ ಈ ಔಷಧಕ್ಕೆ ಅನುಮತಿ ನೀಡಿತು.

ಪ್ರಯೋಗ ಹೊಸ ಔಷಧದ್ದೇ ಆಗಬೇಕೆಂದಿಲ್ಲ. ರೋಗ ಪತ್ತೆಯಾದಾಗಲೇ ಅದು ಬೇರೆಡೆಗೆ ಹರಡಿದ್ದರೆ ಸ್ತನದ ಗಡ್ಡೆಯನ್ನು ತೆಗೆಯುವುದರಿಂದ ಆಯುಷ್ಯ ಹೆಚ್ಚುವುದೇ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2005ರಿಂದ 2013ರವರೆಗೆ 350 ಮಹಿಳೆಯರನ್ನು ಸೇರಿಸಿಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶಸ್ತ್ರಚಿಕಿತ್ಸೆಯಿಂದ ಆಯುಷ್ಯ ಹೆಚ್ಚಲಿಲ್ಲ. ಆ 350 ಮಂದಿಯ ಸಹಕಾರವಿಲ್ಲದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಗುಂಪು ಯಾವುದು?

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಇಂಥ ಪ್ರಯೋಗಗಳಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ವೈದ್ಯರಿಗೂ ರೋಗಿಗೂ ಆಯ್ಕೆಯ ಅವಕಾಶವಿರುವುದಿಲ್ಲ. ಹೀಗಾಗಿ ಸೇರಿದವರಿಗೆಲ್ಲ ಹೊಸ ಔಷಧ ಸಿಗುತ್ತದೆಂಬ ಖಾತರಿಯಿಲ್ಲ. ಆದರೆ ಪರಿಣಾಮಕಾರಿ ಚಿಕಿತ್ಸೆ ಲಭ್ಯವಿರುವಾಗ ಬರೀ ಹುಸಿ ಔಷಧ ಕೊಟ್ಟು ಕೂರಿಸುವುದು ಸಾಮಾನ್ಯವಾಗಿ ಸಲ್ಲದು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಹೊಸ ಔಷಧಗಳ ಪ್ರಯೋಗಕ್ಕೆ 2019ರ ನಿಯಮಗಳು ಅನ್ವಯಿಸುತ್ತವೆ. ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ, ಲಿಖಿತ ಸಮ್ಮತಿ ಪಡೆಯಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಹಾಗೂ ಪರಿಹಾರ ಪಡೆಯುವ ಹಕ್ಕಿದೆ. ಯಾವಾಗ ಬೇಕಾದರೂ ಹೊರಬರಬಹುದು. ಹೊರಬಂದ ಕಾರಣಕ್ಕೆ ಮಾಮೂಲಿ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪ್ರಯೋಗ ನೋಂದಣಿಯಾಗಿದೆಯೇ ಎಂಬುದನ್ನು 'ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ-ಇಂಡಿಯಾ' ತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಕೇಳಲೇಬೇಕಾದ ಪ್ರಶ್ನೆಗಳು

* ಪ್ರಯೋಗಕ್ಕೆ ಸೇರದಿದ್ದರೆ ನನಗೆ ದೊರೆಯುವ ಚಿಕಿತ್ಸೆ ಯಾವುದು?
* ಇದು ಯಾವ ಹಂತದ ಪ್ರಯೋಗ? ಮೊದಲ ಹಂತದಲ್ಲಿ ಮುಖ್ಯವಾಗಿ ಸುರಕ್ಷತೆ ಮತ್ತು ಪ್ರಮಾಣವನ್ನು ಅಳೆಯುತ್ತಾರೆ. ಮೂರನೆಯ ಹಂತದಲ್ಲಿ ಚಾಲ್ತಿಯಲ್ಲಿರುವ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ.
* ಈವರೆಗೆ ಕಂಡುಬಂದಿರುವ ಅಡ್ಡಪರಿಣಾಮಗಳು ಯಾವುವು?
* ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕು? ಸ್ಕ್ಯಾನ್, ರಕ್ತಪರೀಕ್ಷೆ, ಪ್ರಯಾಣದ ಖರ್ಚು ಯಾರದು?
* ಪ್ರಯೋಗ ಮುಗಿದ ಬಳಿಕವೂ ಔಷಧ ಸಿಗುವುದೇ?

ಸಮ್ಮತಿ ಪತ್ರವನ್ನು ಮನೆಗೆ ಒಯ್ದು, ಬಲ್ಲವರೊಂದಿಗೆ ಕೂತು ಓದಿ. ಅವಸರದಲ್ಲಿ ಸಹಿ ಬೇಡ. ಚರ್ಚೆಯಲ್ಲಿ ಮನೆಮಂದಿಯೆಲ್ಲ ಇರಲಿ. ಆದರೆ ಕೊನೆಯ ಮಾತು ರೋಗಿಯದ್ದೇ ಆಗಿರಲಿ. ಔಷಧ ಸೇರುವುದು ಆಕೆಯ ದೇಹವನ್ನು.