ಹಿನ್ನೀರಿನ ಕೂಸಿಗೆ ಮುನ್ನೀರು

ಕಾವೇರಿ, ಹೇಮಾವತಿಗಳ ಬಯಲಿನ ನಮ್ಮವರಿಗೆ ‘ಸಾಗರ’ ಎಂದೊಡನೆ ನೆನಪಾಗುವುದು ಕೃಷ್ಣರಾಜಸಾಗರ. 1911ರಲ್ಲಿ ಕಟ್ಟತೊಡಗಿದ ಆ ಅಣೆಕಟ್ಟಿನ ಹಿನ್ನೀರಿಗಿಂತ ದೊಡ್ಡ ನೀರನ್ನು ಕೃಷ್ಣರಾಜಪೇಟೆ, ಪಾಂಡವಪುರದ ಕಡೆಯ ಎಷ್ಟೋ ಹಿರಿಯರು ಬದುಕಿನಲ್ಲಿ ಕಂಡಿರಲಿಲ್ಲ. ಕಡಲಿಗೆ ನಮ್ಮ ಹಳೆಯ ಕವಿಗಳು ಬಳಸಿದ ಚೆಲುವಾದ ಮಾತೊಂದಿದೆ: ಮುನ್ನೀರು. ಹಿನ್ನೀರನ್ನು ಕಂಡ ಕೂಸಿಗೆ ಮುನ್ನೀರನ್ನೂ ತೋರಿಸಿ ತರೋಣವೆಂದು ಈಗ ಶೀಳನೆರೆಯಂಥ ಊರಿನಿಂದಲೂ ರಜೆ ಬಂದಾಗ ಮನೆಮಂದಿಯೆಲ್ಲ ಹೊರಡುವುದುಂಟು. ಶ್ರವಣಬೆಳಗೊಳ, ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನಿಳಿದು, ಇನ್ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಸವೆಸಿದರೆ ಕರಾವಳಿ.

ಹೊರಡುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಒಂದೂವರೆ ವರ್ಷದ ಕೂಸಿಗೆ ಏನು ತಿಳಿದೀತು? ನಾಳೆ ನೆನಪಿದ್ದೀತೆ?” ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬೆಳೆದವರನ್ನು ಅವರ ಅತ್ಯಂತ ಹಳೆಯ ನೆನಪು ಯಾವುದೆಂದು ಕೇಳಿದರೆ, ಸಾಮಾನ್ಯವಾಗಿ ಅದು ಮೂರು ಮೂರೂವರೆ ವರ್ಷದ ಸುಮಾರಿನದಾಗಿರುತ್ತದೆ. ಅದರಾಚೆ ಮಬ್ಬು. ಮನೋವಿಜ್ಞಾನಿಗಳು ಇದನ್ನು ಶೈಶವದ ಮರವೆ ಎನ್ನುತ್ತಾರೆ. ಕೂಸು ಏನನ್ನೂ ಗ್ರಹಿಸುವುದಿಲ್ಲವೆಂದು ಇದರ ಅರ್ಥವಲ್ಲ. ಕಂಡ ಮುಖವನ್ನು ಅದು ಗುರುತಿಸುತ್ತದೆ, ಕಂಡ ಆಟವನ್ನು ಎಷ್ಟೋ ದಿನಗಳ ಮೇಲೆ ತಾನೇ ಆಡಿ ತೋರಿಸುತ್ತದೆ. ಆದರೆ ‘ಅಂದು ನಾನು ಅಲ್ಲಿದ್ದೆ’ ಎಂದು ಹೇಳಿಕೊಳ್ಳುವ ಬಗೆಯ ನೆನಪು ಬಾಳುವುದು ಮಾತು ಬಲಿಯತೊಡಗಿದ ಮೇಲೆ. ಮಲ್ಪೆಯ ಮರಳಿನಲ್ಲಿ ಅಜ್ಜಿಯ ಬೆರಳು ಹಿಡಿದು ನಿಂತ ಕೂಸಿಗೆ ಇಪ್ಪತ್ತರ ಹರೆಯದಲ್ಲಿ ಆ ಬೆರಳು ನೆನಪಿರಲಾರದು. ಅಜ್ಜಿಯೂ ಆಗ ಇರುವರೆಂಬ ಭರವಸೆಯಿಲ್ಲ.

ಹಾಗಾದರೆ ಪ್ರವಾಸ ಯಾರಿಗಾಗಿ? ನನಗೆ ತೋರುವ ಮಟ್ಟಿಗೆ, ನಾಳೆಗೆ ಉಳಿಯದೆಂಬ ಕಾರಣಕ್ಕಾಗಿಯೇ ಕೂಸಿಗೆ ಇಂದಿನ ದಿನವನ್ನು ಇಡಿಯಾಗಿ ಕೊಡಬೇಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಬೆಳಗ್ಗೆ ಧರ್ಮಸ್ಥಳ, ಮಧ್ಯಾಹ್ನ ಉಡುಪಿ, ಸಂಜೆ ಮುರುಡೇಶ್ವರ ಎಂದು ಪಟ್ಟಿ ಹಾಕುತ್ತೇವೆ; ಎಲ್ಲೆಡೆಯೂ ಒಂದೊಂದು ಛಾಯಾಚಿತ್ರ ತೆಗೆದು, ಅಳುವ ಕೂಸನ್ನು ಮತ್ತೆ ವಾಹನಕ್ಕೆ ತುಂಬುತ್ತೇವೆ. ಇದು ದೊಡ್ಡವರ ಸ್ಮರಣೆಗಾಗಿ ನಡೆಯುವ ಯಾತ್ರೆ. ಕೂಸು ಅದರಲ್ಲಿ ಸಾಮಾನಿನೊಡನೆ ಸಾಮಾನು.

ಕೂಸಿನ ಅಳತೆಯೇ ಬೇರೆ. ಅದನ್ನು ಅರಿಯಲು ದೂರ ಹೋಗಬೇಕಾದ್ದೂ ಇಲ್ಲ. ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿಗೆ ಹೋದರೆ ಸಾಕು. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳರ ಕಾಲದ್ದು, 13ನೆಯ ಶತಮಾನದ್ದು. ಜಗತಿಯ ಮೇಲೆ ನಿಂತು ಗೋಡೆಯನ್ನು ನೋಡಿದರೆ ಕೆಳಗಿನಿಂದ ಮೇಲಕ್ಕೆ ಪಟ್ಟಿಕೆಗಳು: ಆನೆ, ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ ಭಾರತಗಳ ಕಥೆ, ಮತ್ತೆ ಮಕರ, ಹಂಸ. ಪಂಡಿತನ ಕಣ್ಣು ಕಥೆಯ ಪಟ್ಟಿಕೆಗೂ ಅದಕ್ಕೂ ಮೇಲಿನ ದೇವತಾಮೂರ್ತಿಗಳಿಗೂ ಏರುತ್ತದೆ. ಆನೆಗಳ ಸಾಲು ನಮ್ಮ ಮೊಣಕಾಲಿನ ಸುತ್ತಮುತ್ತಲಲ್ಲಿ ಸಾಗುವುದರಿಂದ ಬಗ್ಗದೆ ಕಾಣದು. ಈಗತಾನೆ ನಡೆಯಲು ಕಲಿತ ಕೂಸಿಗಾದರೋ ಅದು ನೇರ ಕಣ್ಣಳವಿನದು! ಭಾರ ಹೊರುವ ಆನೆ ಅಡಿಯಲ್ಲಿರಬೇಕೆಂಬುದು ಶಿಲ್ಪಿಯ ಲೆಕ್ಕವಿದ್ದೀತು. ಮಕ್ಕಳಿಗೆಂದು ಅವನು ಹಾಗೆ ಮಾಡಿದನೆಂದು ನಾನು ವಾದಿಸಲಾರೆ. ಆದರೂ ನಮ್ಮ ಮನೆಯ ಕೂಸು ಒಂದೊಂದೇ ಆನೆಯ ಸೊಂಡಿಲನ್ನು ಬೆರಳಿನಿಂದ ಮುಟ್ಟುತ್ತ ಸಾಗಿದ್ದನ್ನು ನೋಡಲು ನಾನು ಕುಕ್ಕರುಗಾಲಿನಲ್ಲಿ ಕೂರಬೇಕಾಯಿತು. ಆಗ ಕಂಡೆ, ಒಂದಾನೆಯಂತೆ ಇನ್ನೊಂದಿಲ್ಲ. ಎಷ್ಟೋ ಸಲ ವಿದ್ಯಾರ್ಥಿಗಳನ್ನು ಕರೆತಂದಾಗ ನಾನು ಪಾಠ ಹೇಳಿದ್ದು ಮೇಲಿನ ಮೂರ್ತಿಗಳ ಮೇಲೆಯೇ.

ಘಾಟಿಯ ವಿಚಾರ. ತಿರುವುಗಳಲ್ಲಿ ಹೊಟ್ಟೆ ತೊಳಸುವ ಕಾಟ ಎರಡು ವರ್ಷದೊಳಗಿನವರಿಗೆ ಅಪರೂಪ. ಅದು ಹೆಚ್ಚಾಗಿ ಎರಡರಿಂದ ಹನ್ನೆರಡು ವರ್ಷದವರ ಪಾಡು. ಅನುಕೂಲವಿದ್ದರೆ ಹಾಸನದಿಂದ ರೈಲಿನಲ್ಲಿ ಹಗಲು ಹೊತ್ತು ಇಳಿಯುವುದು ಮೇಲು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೂ ನಡುವೆ 57 ಸುರಂಗಗಳಿವೆ. ತಾಯಿಯ ಮುಖ ಕತ್ತಲೆಯಲ್ಲಿ ಅಳಿಸಿಹೋಗಿ, ಮರುಗಳಿಗೆ ಬೆಳಕಿನಲ್ಲಿ ಮೂಡುತ್ತದೆ. ಕಣ್ಣಿಗೆ ಕಾಣದ ವಸ್ತು ಇಲ್ಲವಾಗುವುದಿಲ್ಲವೆಂಬುದನ್ನು ಶಿಶು ಮೆಲ್ಲಮೆಲ್ಲನೆ ಕಲಿಯುತ್ತದೆಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಮಕ್ಕಳನ್ನೇ ಗಮನಿಸಿ ಬರೆದನು. ನಮ್ಮ ಅಜ್ಜಿಯರು ಸೆರಗು ಮರೆಮಾಡಿ ಆಡಿಸುತ್ತಿದ್ದ ಆಟದ ತಿರುಳೂ ಅದೇ. ಪಶ್ಚಿಮಘಟ್ಟವೇ ಕೂಸಿನೊಡನೆ ಆ ಆಟಕ್ಕೆ ನಿಂತಂತಾಗುತ್ತದೆ.

ಇನ್ನು ಕಡಲು. ನಾವು ಕ್ಷಿತಿಜವನ್ನು ನೋಡಲು ಬಂದವರು. ಕೂಸು ಕ್ಷಿತಿಜವನ್ನು ನೋಡುವುದಿಲ್ಲ. ಅದರ ಕಡಲು ನಾಲ್ಕು ಬೆರಳಿನಷ್ಟು ಆಳದ್ದು: ಓಡಿಬಂದು ಪಾದ ಮುಟ್ಟಿ, ನೊರೆ ಬಿಟ್ಟು, ಅಡಿಯ ಮರಳನ್ನು ಕದ್ದು ಹಿಂದೋಡುವ ನೀರು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾರಸದಿಂದ ಆದವು. ತಂದೆ ಇದನ್ನು ವಿವರಿಸುತ್ತಿರುವಾಗ ಕೂಸು ಅಲ್ಲಿನ ಚಿಪ್ಪೊಂದನ್ನು ಬಾಯಿಗಿಡುವ ಪ್ರಯತ್ನದಲ್ಲಿರುತ್ತದೆ.

ಈ ನಾಲ್ಕು ಬೆರಳಿನ ನೀರನ್ನೂ ಹಗುರವಾಗಿ ಎಣಿಸಬಾರದು. ಕೆರೆ ಕಾಲುವೆಗಳನ್ನು ಬಲ್ಲ ನಮಗೆ ಕಡಲಿನ ಸೆಳೆತದ ಅರಿವು ಕಡಿಮೆ. ದಡಕ್ಕೆ ಬಡಿದ ನೀರೆಲ್ಲ ಹಿಂದಿರುಗಬೇಕಷ್ಟೆ. ಅದು ಎಷ್ಟೋ ವೇಳೆ ಇಕ್ಕಟ್ಟಾದ ಹರಿವಾಗಿ ಒಳಕ್ಕೆ ಧಾವಿಸುತ್ತದೆ. ಅಲೆ ಒಡೆಯದೆ ನಯವಾಗಿ ತೋರುವ ಜಾಗವನ್ನು ಕಂಡು ‘ಇಲ್ಲಿ ಶಾಂತವಾಗಿದೆ’ ಎಂದು ಒಳನಾಡಿನವರು ಇಳಿಯುತ್ತಾರೆ. ಬಹುಮಟ್ಟಿಗೆ ಸೆಳೆತವಿರುವುದು ಅಲ್ಲಿಯೇ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಂತೂ ನೀರಿನ ಬಳಿ ಸುಳಿಯಲೇಬಾರದು. ಉಳಿದ ಕಾಲದಲ್ಲಿಯೂ ಜೀವರಕ್ಷಕರಿರುವ ಪಣಂಬೂರು, ಮಲ್ಪೆಗಳಂಥ ತೀರ ವಾಸಿ. ಒಂದು ಪಕ್ಕಕ್ಕೆ ಸೌಪರ್ಣಿಕೆ, ಇನ್ನೊಂದು ಪಕ್ಕಕ್ಕೆ ಕಡಲು ಇರುವ ಮರವಂತೆಯ ರಮ್ಯತೆಯನ್ನು ಕೂಸನ್ನು ಎತ್ತಿಕೊಂಡು ದೂರದಿಂದಲೇ ಸವಿಯಬಹುದು. ನೀರಿನಂಚಿನಲ್ಲಿ ಒಬ್ಬ ದೊಡ್ಡವರು ಬೇರೆ ಕೆಲಸವಿಲ್ಲದೆ, ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. ಮುಳುಗುವ ಮಗು ಕೂಗಿ ಕರೆಯುವುದಿಲ್ಲ. ದೊಡ್ಡವರಿಗಿಂತ ಬೇಗ ಬಿಸಿಲಿಗೆ ಬಾಡುವ, ಬೇಗ ತಣ್ಣಗಾಗುವ ಮೈ ಅದರದು. ಬೆಳಗಿನ ಒಂದು ಗಂಟೆ, ಸಂಜೆಯ ಒಂದು ಗಂಟೆ ಧಾರಾಳವಾಯಿತು. ಇಳಿತದ ಹೊತ್ತಿನಲ್ಲಿ ಅಗಲವಾದ ಒದ್ದೆ ಮರಳು ತೆರೆದುಕೊಳ್ಳುತ್ತದೆ. ಉಬ್ಬರ ಇಳಿತಗಳು ದಿನದಿನಕ್ಕೂ ಸುಮಾರು ಐವತ್ತು ನಿಮಿಷ ತಡವಾಗುವುದರಿಂದ ನಾಳಿನ ಹೊತ್ತನ್ನು ಇಂದೇ ಲೆಕ್ಕ ಹಾಕಬಹುದು.

ಊರಿಗೆ ಮರಳಿದ ಮೇಲೂ ಪ್ರವಾಸ ಮುಗಿಯುವುದಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಮೊದಲ ನೆನಪುಗಳು ಸರಾಸರಿಯಲ್ಲಿ ಎರಡೂವರೆ ವರ್ಷ ದಾಟಿದ ಸ್ವಲ್ಪದರಲ್ಲೇ ಆರಂಭವಾಗುತ್ತವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹಿಂದಿನದನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ಅವರ ವಾಡಿಕೆಯೇ ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರ ಊಹೆ. ಒಂದೂವರೆ ವರ್ಷದ ಕೂಸಿಗೆ ಇದರಿಂದ ಕಡಲು ನೆನಪುಳಿಯುವುದೆಂದು ಹೇಳಲಾಗದು. ಉಳಿಯುವುದು ಕಡಲಿನ ಕಥೆ. ಊಟದ ಹೊತ್ತಿನಲ್ಲಿ “ಅಲೆ ಬಂದಾಗ ನೀನೇನು ಮಾಡಿದೆ?” ಎಂದರೆ ಎರಡು ತಿಂಗಳ ಮೇಲೂ ನಮ್ಮ ಕೂಸು ಕಾಲೆತ್ತಿ ಹಿಂದಕ್ಕೆ ಸರಿಯುತ್ತದೆ. ಮಾತು ಬಂದ ಮೇಲೆ ಅದನ್ನೇ ಮಾತಿನಲ್ಲಿ ಹೇಳೀತು. ಶಾಲೆಗೆ ಹೋಗುವ ಹೊತ್ತಿಗೆ, ಕಂಡದ್ದೋ ಕೇಳಿದ್ದೋ ಎಂಬ ಭೇದವಿಲ್ಲದೆ, ಅಜ್ಜಿ ಹೇಳಿಕೊಟ್ಟ ನೊರೆಯ ಬಣ್ಣವನ್ನೂ ಸೇರಿಸಿ ಹೇಳೀತು.