ಗುಡ್ಡೆಯ ಮೇಲೆ ಒಂದು ರಾತ್ರಿ: ಬಾಡಿಗೆಯಿಲ್ಲ, ಹೊಣೆಯಿದೆ

ಬಾಯಾರು ಎಂಬ ಹೆಸರಿನ ಮೂಲ ಏನೇ ಇರಲಿ, ಕಿವಿಗೆ ಬಿದ್ದೊಡನೆ ನೆನಪಾಗುವುದು ಬಾಯಾರಿಕೆ. ನಮ್ಮ ಕಡೆ ಆ ಮಾತಿಗೆ ಎರಡು ಅರ್ಥವಿದೆ. ನೀರಡಿಕೆಯೂ ಬಾಯಾರಿಕೆಯೇ, ಬಿಸಿಲಲ್ಲಿ ನಡೆದು ಅಂಗಳಕ್ಕೆ ಬಂದವರಿಗೆ ಕೊಡುವ ನೀರು-ಬೆಲ್ಲ, ಮಜ್ಜಿಗೆಯೂ ಬಾಯಾರಿಕೆಯೇ. ದಾರಿಹೋಕನ ಕಷ್ಟಕ್ಕೂ ಮನೆಯವರ ಕರ್ತವ್ಯಕ್ಕೂ ಒಂದೇ ಶಬ್ದವನ್ನು ಇಟ್ಟುಕೊಂಡ ಜನ ನಾವು. ಈಗ ನಮ್ಮ ಗುಡ್ಡೆಗಳಿಗೆ ಹೊಸ ಬಗೆಯ ದಾರಿಹೋಕರು ಬರತೊಡಗಿದ್ದಾರೆ. ಅವರ ಕುರಿತೂ, ಅವರನ್ನು ಎದುರುಗೊಳ್ಳಬೇಕಾದ ನಮ್ಮ ಕುರಿತೂ ನಾಲ್ಕು ಮಾತು ಆಡುವ ಕಾಲ ಬಂದಿದೆ.

ಶನಿವಾರ ಸಂಜೆ ಬೈಕು, ಕಾರುಗಳಲ್ಲಿ ಯುವಕರ ತಂಡಗಳು ಬರುತ್ತವೆ. ಬೆನ್ನಿಗೆ ಮಡಚಿದ ಡೇರೆ, ಕೈಯಲ್ಲಿ ತಿಂಡಿಯ ಕಟ್ಟು. ರಸ್ತೆ ಮುಗಿದು ಕಾಲುದಾರಿ ಸುರುವಾಗುವಲ್ಲಿ ವಾಹನ ನಿಲ್ಲಿಸಿ, ಪದವಿನ ಮೇಲೋ ಗೇರುತೋಪಿನ ಅಂಚಿನಲ್ಲೋ ಬಿಡಾರ ಹೂಡುತ್ತಾರೆ. ಬಾಯಾರಿನಿಂದ ಹೆಚ್ಚು ದೂರವಿಲ್ಲದ ಪೊಸಡಿಗುಂಪೆ ಇಂಥವರಿಗೆ ಅಚ್ಚುಮೆಚ್ಚು. ಸಮುದ್ರಮಟ್ಟದಿಂದ ಸುಮಾರು 1060 ಅಡಿ ಎತ್ತರದ ಆ ನೆತ್ತಿಯಲ್ಲಿ ನಿಂತರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಆಕಾಶ ತಿಳಿಯಾಗಿದ್ದರೆ ಕುದುರೆಮುಖದ ಸಾಲು. ಲಾಡ್ಜಿನ ಬಾಡಿಗೆಯಿಲ್ಲ, ರಿಜಿಸ್ಟರಿನಲ್ಲಿ ರುಜು ಇಲ್ಲ. ಬೆಳಗಿನ ಮಂಜು ನೋಡಿ, ಫೋಟೋ ತೆಗೆದು, ಇಳಿದು ಹೋದರಾಯಿತು.

ಇದನ್ನು ತಪ್ಪೆಂದು ನಾವು ಹೇಳುವುದಿಲ್ಲ. ದುಡ್ಡಿಲ್ಲದ ಹುಡುಗನಿಗೂ ಬೆಟ್ಟದ ಮೇಲಿನ ಒಂದು ರಾತ್ರಿ ಸಿಗಬೇಕು. ಆದರೆ ‘ಧರ್ಮಕ್ಕೆ ಸಿಕ್ಕಿದ ಜಾಗ’ ಎಂಬುದು ಎಲ್ಲಿಯೂ ಕಟ್ಟುಪಾಡಿಲ್ಲದ ಜಾಗವಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಹೊರಗಿನ ರೀತಿ

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಕಾಡುರಸ್ತೆಯ ಬದಿಯಲ್ಲಿ ಕಾಸು ಕೊಡದೆ ಚದುರಿ ಬಿಡಾರ ಹೂಡಲು ಅನೇಕ ಕಡೆ ಅವಕಾಶವಿದೆ. ಅಲ್ಲಿ ನಲ್ಲಿ ಇಲ್ಲ, ಕಕ್ಕಸು ಇಲ್ಲ, ಕಸದ ತೊಟ್ಟಿ ಇಲ್ಲ. ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ತಂದದ್ದನ್ನೆಲ್ಲ ಹಿಂದೆ ಒಯ್ಯಬೇಕು. ನಾರ್ವೆ ದೇಶದಲ್ಲಿ 1957ರಿಂದ ಇದಕ್ಕೆ ಕಾನೂನೇ ಇದೆ. ಬೇಸಾಯವಿಲ್ಲದ ಬಯಲಲ್ಲಿ ಯಾರೂ ಡೇರೆ ಹಾಕಬಹುದು. ಆದರೆ ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು, ಒಡೆಯನ ಒಪ್ಪಿಗೆಯಿಲ್ಲದೆ ಎರಡು ದಿನಕ್ಕಿಂತ ಹೆಚ್ಚು ಒಂದೆಡೆ ಉಳಿಯಬಾರದು. ಬೇಸಗೆಯಲ್ಲಿ, ಏಪ್ರಿಲ್ 15ರಿಂದ ಸಪ್ಟೆಂಬರ್ 15ರ ವರೆಗೆ, ಕಾಡಿನ ಬಳಿ ಬೆಂಕಿ ಹಾಕುವುದಕ್ಕೆ ಸಾಮಾನ್ಯವಾಗಿ ನಿಷೇಧ. ಹಕ್ಕು ದೊಡ್ಡದು, ಅದರ ಜೊತೆಗೆ ಹೊಣೆಯೂ ದೊಡ್ಡದು.

ನಮ್ಮ ದೇಶದಲ್ಲಿ ಅಂಥ ಹಕ್ಕನ್ನು ಕೊಡುವ ಕಾನೂನಿಲ್ಲ. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಬೇಕು. ಈ ಕಡೆ 1961ರ ಕೇರಳ ಅರಣ್ಯ ಕಾನೂನು, ಆ ಕಡೆ 1963ರ ಕರ್ನಾಟಕ ಅರಣ್ಯ ಕಾನೂನು. ಅಭಯಾರಣ್ಯವಾದರೆ ಎರಡೂ ಕಡೆಗೆ 1972ರ ವನ್ಯಜೀವಿ ಕಾನೂನು. ಉಳಿದ ಗುಡ್ಡೆಗಳಲ್ಲಿ ಸರಕಾರಿ ಜಾಗವೂ ಇದೆ, ಪಟ್ಟಾ ಜಾಗವೂ ಇದೆ. ಬೇಲಿ ಇಲ್ಲವೆಂದ ಮಾತ್ರಕ್ಕೆ ಒಡೆಯನಿಲ್ಲ ಎಂದಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕ್ರಮದಲ್ಲಿ ವರ್ಗ ಜಾಗಕ್ಕೆ ತಾಗಿದ ಸುಮಾರು 100 ಗಜ ಸರಕಾರಿ ಭೂಮಿ ಕುಮ್ಕಿ. ತೋಟಕ್ಕೆ ಸೊಪ್ಪು, ದನಕ್ಕೆ ಹುಲ್ಲು, ಒಲೆಗೆ ಸೌದೆ ಅಲ್ಲಿಂದಲೇ ಬರುತ್ತಿತ್ತು. 1956ರಲ್ಲಿ ರಾಜ್ಯ ಬದಲಾಯಿತು; ಗುಡ್ಡೆಯನ್ನೇ ನೆಚ್ಚಿದ ಬದುಕು ಒಮ್ಮೆಲೇ ಬದಲಾಗಲಿಲ್ಲ. ಪೇಟೆಯವನಿಗೆ ‘ಖಾಲಿ’ ಎಂದು ಕಾಣುವ ಗುಡ್ಡೆ ಕೆಳಗಿನ ಮನೆಯವರಿಗೆ ಖಾಲಿಯಲ್ಲ.

ಹಿಂದೆಯೂ ಮಲಗುತ್ತಿದ್ದರು

ಬಯಲಲ್ಲಿ ರಾತ್ರಿ ಕಳೆಯುವುದು ನಮಗೆ ಹೊಸತೇನಲ್ಲ. ಬಸ್ಸುಗಳಿಲ್ಲದ ಕಾಲದಲ್ಲಿ ಅಡಿಕೆ, ಕಾಳುಮೆಣಸು ಹೊತ್ತವರು ಕರಾವಳಿಯ ಪೇಟೆಗೆ ಇಳಿದು, ಉಪ್ಪು, ಒಣಮೀನು ಹೊತ್ತು ಘಟ್ಟದ ಬುಡದ ವರೆಗೂ ನಡೆದರು. ಗಾಡಿಯವರು ಎತ್ತು ಬಿಚ್ಚಿ ಅಶ್ವತ್ಥದ ಕಟ್ಟೆಯ ಬಳಿ ತಂಗಿದರು. ಬಯಲಾಟ ನೋಡಲು ಸೂಟೆ ಹಿಡಿದು ಗುಡ್ಡೆ ದಾಟಿದವರು ಬೆಳಗಿನ ಜಾವ ಪದವಿನಲ್ಲಿಯೇ ಮೈಚೆಲ್ಲಿದರು. ತಲೆಹೊರೆ ಇಳಿಸುವ ಕಲ್ಲು, ದನಗಳಿಗೆ ನೀರಿನ ಮರಿಗೆ, ಬೇಸಗೆಯಲ್ಲಿ ಮಜ್ಜಿಗೆಯ ಅರವಟ್ಟಿಗೆ, ಇವೆಲ್ಲ ಯಾರೋ ಪುಣ್ಯಕ್ಕೆಂದು ಮಾಡಿಸಿದವು. ಕಟ್ಟೆ, ಅಡ್ಕ, ಪದವು ಎಂದು ಕೊನೆಗೊಳ್ಳುವ ನಮ್ಮ ಊರುಗಳ ಹೆಸರುಗಳೇ ಆ ಬಯಲುಗಳನ್ನೂ ಆ ನಿಲುಗಡೆಗಳನ್ನೂ ನೆನಪಿಸುತ್ತವೆ.

ಆ ಕಾಲದವರೆಲ್ಲ ಬಹಳ ಶುಚಿಯವರಾಗಿದ್ದರು ಎಂದು ನಾವು ಹೊಗಳಲಾರೆವು. ಅವರೂ ಉಂಡ ಎಲೆಯನ್ನು ಅಲ್ಲಿಯೇ ಎಸೆದು ಹೋದರು. ಆದರೆ ಅದು ಬಾಳೆಲೆ. ಇಲ್ಲವೇ ಅಡಿಕೆಯ ಹಾಳೆ. ಬೆಳಗಾಗುವಾಗ ದನ ತಿಂದಿತು, ಉಳಿದದ್ದು ಮಳೆಗೆ ಗೊಬ್ಬರವಾಯಿತು. ಮೂರು ಕಲ್ಲಿನ ಒಲೆ ಮುಂದಿನವನಿಗೆ ಉಪಯೋಗಕ್ಕೆ ಬಂತು. ಇಂದಿನವರು ಬಿಟ್ಟು ಹೋಗುವುದು ಬಾಟ್ಲಿ, ಪ್ಲಾಸ್ಟಿಕ್ ಲಕೋಟೆ, ತೆಳು ತಟ್ಟೆ. ಅಭ್ಯಾಸ ಅದೇ, ವಸ್ತು ಮಾತ್ರ ಬೇರೆ. ಒಡೆದ ಬಾಟ್ಲಿ ಮೇಯುವ ದನದ ಗೊರಸಿಗೂ ಹುಲ್ಲು ಹೆರೆಯಲು ಹೋದ ಹೆಂಗಸಿನ ಕಾಲಿಗೂ ಕಾದುಕೊಂಡಿರುತ್ತದೆ.

ಗುಡ್ಡೆಯ ಕೆಳಗೆ ಇರುವುದೇನು?

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಗುಡ್ಡೆಯ ಹೊಟ್ಟೆಯೊಳಗಿದೆ.

ಬಾಯಾರು, ಪೈವಳಿಕೆ, ಪಡ್ರೆ, ಶೇಣಿ ಮೊದಲಾದ ಕಡೆಗಳಲ್ಲಿ ಅನೇಕ ಮನೆಗಳಿಗೆ ನೀರು ಬರುವುದು ಸುರಂಗದಿಂದ. ಗುಡ್ಡೆಯ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಹೋಗುವಷ್ಟೇ ಅಗಲಕ್ಕೆ ಕೊರೆದ ದಾರಿ ಅದು. ಅಗಲ ಎರಡು ಅಡಿಯ ಆಸುಪಾಸು, ಎತ್ತರ ಆರು ಅಡಿ. ಉದ್ದವನ್ನು ಕೋಲಿನಲ್ಲಿ ಅಳೆಯುವುದು ವಾಡಿಕೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಮುರಕಲ್ಲಿನ ಸಂದಿನಿಂದ ಒಸರುವ ನೀರು ಪಂಪು, ಕರೆಂಟು ಯಾವುದೂ ಇಲ್ಲದೆ ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ. ಹನಿ ಹನಿ ಕೂಡಿ ಹಳ್ಳವಾಗುವುದನ್ನು ನೋಡಬೇಕಾದರೆ ಇಲ್ಲಿಗೆ ಬರಬೇಕು.

ಈ ಸುರಂಗಗಳ ಕುರಿತು ವಾಣೀನಗರದ ಶ್ರೀಪಡ್ರೆಯವರು ವಿಸ್ತಾರವಾಗಿ ಬರೆದಿದ್ದಾರೆ. ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ಸೋತು, ಕೊನೆಗೆ ನೀರು ಕಂಡು ತೋಟ ಎಬ್ಬಿಸಿದ್ದಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದರು. ಒಂದು ಸುರಂಗದ ಹಿಂದೆ ಒಂದು ಕುಟುಂಬದ ಎಷ್ಟು ಬೆವರು ಇರುತ್ತದೆ ಎಂಬುದಕ್ಕೆ ಆ ಬದುಕೇ ಸಾಕ್ಷಿ.

ಆ ನೀರು ಎಲ್ಲಿಂದ ಬರುತ್ತದೆ? ಮೇಲಿನ ಪದವಿನಿಂದ. ಮಳೆಗಾಲದಲ್ಲಿ ಪಾರೆಯ ಮೇಲೆ ಬಿದ್ದ ನೀರು ಅದರ ಹೊಂಡಗಳಲ್ಲಿ, ಮದಕಗಳಲ್ಲಿ ನಿಂತು, ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿಯ ಪದರಕ್ಕೆ ತಾಗಿ ಬದಿಗೆ ಸರಿಯುತ್ತದೆ. ಮರಳು ಸೋಸಿದ ಹಾಗೆ ಮುರಕಲ್ಲು ನೀರನ್ನು ಸೋಸುವುದಿಲ್ಲ. ದೊಡ್ಡ ತೂತಿನಲ್ಲಿ ನೀರು ಬೇಗ ಇಳಿಯುತ್ತದೆ. ಮೇಲಿದ್ದ ಹೊಲಸನ್ನೂ ಜೊತೆಗೆ ಒಯ್ಯುತ್ತದೆ. ಆದುದರಿಂದ ಪದವಿನ ಮೇಲೆ ಡೇರೆ ಹಾಕಿದವನು ಮಲಗಿರುವುದು ಕೆಳಗಿನ ಮನೆಯ ಬಾವಿಯ ಮಾಡಿನ ಮೇಲೆ. ಅವನು ಅಲ್ಲಿ ಬಿಟ್ಟದ್ದು ಮುಂದಿನ ಮಳೆಗೆ ಯಾವುದೋ ಮನೆಯ ಮಗು ಕುಡಿಯುವ ಲೋಟಕ್ಕೆ ಇಳಿಯಬಹುದು.

ಇಲ್ಲಿ ಹೊರದೇಶದ ಸೂತ್ರವೂ ಪೂರ್ತಿಯಾಗಿ ಕೈಹಿಡಿಯುವುದಿಲ್ಲ. ಅಮೆರಿಕದಲ್ಲಿ ಶೌಚಕ್ಕೆ ನೀರಿನ ನೆಲೆಯಿಂದ 200 ಅಡಿ ದೂರ ಹೋಗಿ ಆರೆಂಟು ಅಂಗುಲ ಆಳದ ಗುಳಿ ತೋಡಿ ಮುಚ್ಚಿರಿ ಎನ್ನುತ್ತಾರೆ. ಪಾರೆಯ ಮೇಲೆ ಗುಳಿ ತೋಡುವುದು ಹೇಗೆ? ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ. ನೀರು 200 ಅಡಿ ದೂರದಲ್ಲಿಲ್ಲ, ನೇರ ಕಾಲಡಿಯಲ್ಲಿದೆ. ಹಾಗಾಗಿ ನಮ್ಮ ನೆಲಕ್ಕೆ ನಮ್ಮದೇ ಕ್ರಮ ಬೇಕು.

ಬೆಂಕಿ ಮತ್ತು ಸಿಡಿಲು

ಮಳೆ ಹೋಗಿ ಎರಡು ತಿಂಗಳಾಗುವಾಗ ಗುಡ್ಡೆಯ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಾಲದಲ್ಲಿ ಮಾಡಿಗೆ ಹೊದಿಸಲು ಅದನ್ನು ಕತ್ತರಿಸಿ ಒಯ್ಯುತ್ತಿದ್ದರು. ಹಂಚು, ಕಾಂಕ್ರೀಟು ಬಂದ ಮೇಲೆ ಕತ್ತರಿಸುವವರಿಲ್ಲ, ನಿಂತಲ್ಲೇ ಒಣಗುತ್ತದೆ. ಆರಿತೆಂದು ಬಿಟ್ಟ ಕೆಂಡಕ್ಕೆ ಮಧ್ಯಾಹ್ನದ ಕಡಲಗಾಳಿ ತಾಗಿದರೆ ಸಾಕು. ಹುಲ್ಲಿನಿಂದ ಗೇರುತೋಪಿಗೆ, ಅಲ್ಲಿಂದ ಅಡಿಕೆ ತೋಟದ ಅಂಚಿಗೆ ಬೆಂಕಿ ನಡೆಯಲು ಹೆಚ್ಚು ಹೊತ್ತು ಬೇಡ. ಗೇರು ಹೂ ಬಿಡುವುದೂ ಅದೇ ತಿಂಗಳುಗಳಲ್ಲಿ. ಬೆಂಕಿ ಕಂಡು ಸೊಪ್ಪಿನ ಗೆಲ್ಲು ಹಿಡಿದು ಓಡುವವರು ಬಿಡಾರದವರಲ್ಲ, ಬುಡದ ಮನೆಯವರು.

ಬಂದವರ ಜೀವದ ಬಗ್ಗೆಯೂ ಒಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿಯೂ ಅಕ್ಟೋಬರ್-ನವಂಬರಿನಲ್ಲಿಯೂ ನಮ್ಮಲ್ಲಿ ಸಂಜೆಯ ಮಳೆ ಗುಡುಗಿನೊಂದಿಗೆ ಬರುತ್ತದೆ. ಬೋಳು ನೆತ್ತಿಯಲ್ಲಿ ನಿಂತವನೂ ಒಂಟಿ ಮರದಡಿ ಕೂತವನೂ ಸಿಡಿಲಿಗೆ ಎದೆಗೊಟ್ಟಂತೆ. ತೆಳುಬಟ್ಟೆಯ ಡೇರೆ ಅದನ್ನು ತಡೆಯಲಾರದು. ಮೋಡ ಕಪ್ಪಾಗುವ ಮೊದಲೇ ಇಳಿದು ಪಕ್ಕದ ಮನೆಯ ಚಾವಡಿ ಸೇರುವುದೇ ಜಾಣತನ.

ಬಾಗಿಲು ಬೀಳುವ ಬಗೆ

‘ಹೀಗಾದರೆ ಗೇಟು ಹಾಕಿಸಿ, ಟಿಕೇಟು ಇಡಿ’ ಎನ್ನುವವರಿದ್ದಾರೆ. ಅದು ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸುಬ್ರಹ್ಮಣ್ಯದ ಕುಮಾರಪರ್ವತ, 1712 ಮೀಟರ್ ಎತ್ತರದ್ದು, ನಮ್ಮ ಕಡೆಯ ಎಷ್ಟೋ ಮಂದಿ ಹತ್ತಿದ ಬೆಟ್ಟ. ಗಿರಿಗದ್ದೆಯ ಭಟ್ಟರ ಮನೆಯ ಊಟ ಚಾರಣಿಗರ ಬಾಯಲ್ಲಿ ಕತೆಯಾಗಿದೆ. ಶಿಖರದಲ್ಲಿ ರಾತ್ರಿ ತಂಗುವುದಕ್ಕೆ ಮೊದಲೇ ತಡೆ ಬಿದ್ದಿತ್ತು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಜಾತ್ರೆಯಂತೆ ಜನ ನುಗ್ಗಿದ ಚಿತ್ರಗಳು ಎಲ್ಲೆಡೆ ಹರಡಿದವು. ಅದರ ಬೆನ್ನಿಗೇ ಕರ್ನಾಟಕ ಸರಕಾರ ಚಾರಣವನ್ನು ನಿಲ್ಲಿಸಿ, ಬಳಿಕ ಅದೇ ವರ್ಷ ಆನ್‌ಲೈನ್ ಟಿಕೇಟು, ದಿನಕ್ಕೆ 300 ಮಂದಿಯ ಮಿತಿ ಎಂಬ ಕ್ರಮ ತಂದಿತು. ನಮ್ಮದೇ ಜಿಲ್ಲೆಯ ರಾಣಿಪುರದಲ್ಲಿಯೂ ಟಿಕೇಟು ಪಡೆದು ಹಗಲಲ್ಲಿಯೇ ಹತ್ತಿ ಇಳಿಯಬೇಕು.

ಆ ಕಾಡುಗಳಿಗೆ ಅದು ಬೇಕಾದ ಕ್ರಮವೇ. ಆದರೆ ಬಾಯಾರಿನ ಪದವಿಗೆ ಗೇಟು ಬಿದ್ದರೆ ಮೊದಲು ಹೊರಗುಳಿಯುವವರು ಯಾರು? ಮಂಗಳೂರಿನವನು ಟಿಕೇಟು ಕೊಂಡು ಒಳಗೆ ಬಂದಾನು. ದನ ಮೇಯಿಸುವವರು, ಸೊಪ್ಪು ತರುವವರು, ಮದಕದ ಹೂಳು ತೆಗೆಯುವವರು, ರಜೆಯಲ್ಲಿ ಪಾರೆಯಲ್ಲಿ ಚೆಂಡಾಡುವ ಶಾಲೆಯ ಮಕ್ಕಳು, ಇವರು ಯಾವ ಟಿಕೇಟು ತೆಗೆಯಬೇಕು? ಕೆಲವರ ಬಾಟ್ಲಿಯ ದಂಡವನ್ನು ಊರೇ ತೆರಬೇಕಾದೀತು. ಬಯಲು ಬಯಲಾಗಿಯೇ ಉಳಿಯಬೇಕಾದರೆ ಗೇಟು ಬೀಳುವ ಮೊದಲೇ ಕ್ರಮ ಬರಬೇಕು.

ಮಾಡಬೇಕಾದುದು

ಬರುವವರಲ್ಲಿ ನಾವು ಕೇಳುವುದು ಇಷ್ಟೆ. ಗುಡ್ಡೆ ಹತ್ತುವ ಮೊದಲು ಬುಡದ ಮನೆಯಲ್ಲಿ ಒಂದು ಮಾತು ಕೇಳಿ. ಜಾಗ ಯಾರದು, ಸುರಂಗ ಎಲ್ಲಿ, ಬನ ಎಲ್ಲಿ ಎಂದು ಅವರೇ ಹೇಳುತ್ತಾರೆ. ನಾಗಬನ, ದೈವಸ್ಥಾನಗಳ ಬಳಿ ಬಿಡಾರ ಬೇಡ. ಮನೆಯವರ ದಾರಿಗೆ ಅಡ್ಡವಾಗಿ ವಾಹನ ನಿಲ್ಲಿಸಬೇಡಿ. ಒಂದು ರಾತ್ರಿಗಿಂತ ಹೆಚ್ಚು ನಿಲ್ಲಬೇಡಿ. ಮದಕ ಮತ್ತು ಪಾರೆಯ ಹೊಂಡಗಳಿಂದ ದೂರವಿರಿ. ಅವುಗಳಲ್ಲಿ ಸಾಬೂನು, ಪಾತ್ರೆ ತೊಳೆತ ಬೇಡ. ಶೌಚಕ್ಕೆ ಪದವನ್ನು ಉಪಯೋಗಿಸಬೇಡಿ. ಪೇಟೆಯಲ್ಲಿಯೇ ಮುಗಿಸಿ ಬನ್ನಿ, ತೀರ ಅಗತ್ಯವಾದರೆ ಕೇಳಿದ ಮನೆಯವರು ಇಲ್ಲವೆನ್ನಲಾರರು. ದಶಂಬರದಿಂದ ಮಳೆ ಹಿಡಿಯುವ ವರೆಗೆ ಬೆಂಕಿ ಬೇಡವೇ ಬೇಡ. ಬುತ್ತಿ ಕಟ್ಟಿಕೊಂಡು ಬನ್ನಿ. ತಂದ ಚೀಲದಲ್ಲಿಯೇ ಕಸವನ್ನು ಮನೆಗೆ ಒಯ್ಯಿರಿ. ನಮ್ಮ ಮನೆಗಳ ಪ್ಲಾಸ್ಟಿಕನ್ನು ಹರಿತ ಕರ್ಮಸೇನೆಯ ಹೆಂಗಸರು ತಿಂಗಳಿಗೊಮ್ಮೆ ಬಂದು ಒಯ್ಯುತ್ತಾರೆ, ಅದಕ್ಕೆ ನಾವು ಹಣ ಕೊಡುತ್ತೇವೆ. ಗುಡ್ಡೆಯ ಕಸ ಹೆಕ್ಕುವುದು ಅವರ ಕೆಲಸವಲ್ಲ.

ಪಂಚಾಯತಿನಲ್ಲಿ ಕೇಳುವುದೂ ಇದೆ. ಕಾಲುದಾರಿ ಸುರುವಾಗುವಲ್ಲಿ ಒಂದು ಫಲಕ ಹಾಕಿಸಿ. ಕನ್ನಡ, ಮಲಯಾಳ ಎರಡರಲ್ಲಿಯೂ. ಬರುವವರು ಕಣ್ಣೂರಿನಿಂದಲೂ ಬರುತ್ತಾರೆ, ಪುತ್ತೂರಿನಿಂದಲೂ ಬರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಮನೆಯ ಅಜ್ಜನೂ ಅದನ್ನು ಓದಿ ‘ಇಲ್ಲಿ ಬರೆದದ್ದು ನೋಡಿ ಮಗಾ’ ಎಂದು ಬೆರಳು ತೋರಿಸುವಂತಿರಬೇಕು. ತನಗೆ ತಿಳಿಯದ ಭಾಷೆಯ ನಿಯಮವನ್ನು ಯಾರು ತಾನೇ ಕಾಯಬಲ್ಲರು? ನಮ್ಮ ಶಾಲೆಗಳೂ ಯುವಕ ಸಂಘಗಳೂ ಸೇರಿ ಊರಿನ ಸುರಂಗ, ಮದಕಗಳ ಒಂದು ನಕ್ಷೆ ಬರೆದರೆ ಫಲಕದಲ್ಲಿ ಅದನ್ನೂ ಹಾಕಬಹುದು. ನೀರು ಕಾಲಡಿಯಲ್ಲಿದೆ ಎಂದು ತಿಳಿದ ಮೇಲೂ ಅಲ್ಲಿ ಹೊಲಸು ಮಾಡುವವರು ಕಡಿಮೆಯೆಂದೇ ನಮ್ಮ ನಂಬಿಕೆ.

ಇನ್ನು ನಮ್ಮ ಮನೆಗಳ ಮಾತು. ಡೇರೆ ಹೊತ್ತು ಬಂದ ಹುಡುಗರನ್ನು ಕಂಡ ಕೂಡಲೇ ಗದರಿಸುವುದು ಬೇಡ. ಕರೆದು ಬಾಯಾರಿಕೆ ಕೊಟ್ಟು, ಆ ನೀರು ಯಾವ ಸುರಂಗದ್ದೆಂದು ತೋರಿಸಿ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಎಲ್ಲ ಭಾಷೆಯವರಿಗೂ ಗೊತ್ತು. ಆ ಲೋಟದ ನೀರು ಕುಡಿದು ಗುಡ್ಡೆ ಹತ್ತಿದವನು ಬೆಳಗ್ಗೆ ಇಳಿಯುವಾಗ ಚೀಲ ಬರಿದು ಮಾಡಿಕೊಂಡು ಬರಲಾರ.