ಮಸಿನಗುಡಿಯ ಆನೆಗೆ ನೀರು ಎಲ್ಲಿಂದ?

ಊಟಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು ಮಸಿನಗುಡಿ ಸೇರುವಷ್ಟರಲ್ಲಿ ನಾಡೇ ಬದಲಾಗಿರುತ್ತದೆ. ಮೇಲೆ ಮಂಜು, ಹುಲ್ಲುಗಾವಲು, ಶೋಲಾ ಕಾಡು. ಕೆಳಗೆ ಮುಳ್ಳುಕುರುಚಲು, ಕೆಂಪು ಧೂಳು, ಬಿಸಿಲಿಗೆ ಬಿಳಿಚಿದ ಹುಲ್ಲು. ಆಫ್ರಿಕಾದ ಸಫಾರಿ ಚಿತ್ರಗಳನ್ನು ಕಂಡವರಿಗೆ ಈ ಸೀಗೂರು ಪ್ರಸ್ಥಭೂಮಿ ಅಂಥದೇ ಅನ್ನಿಸುವುದು ಸಹಜ. ಆದರೆ ನಿಜವಾದ ಹೋಲಿಕೆ ಇರುವುದು ನೀರಿನಲ್ಲಿ.

ನೈಋತ್ಯ ಮುಂಗಾರಿನ ಮೋಡಗಳು ಪಶ್ಚಿಮದ ಗೂಡಲೂರಿನ ಮೇಲೆ ಧೋ ಎಂದು ಸುರಿಯುತ್ತವೆ. ಬೆಟ್ಟ ದಾಟಿ ಈಚೆ ಬರುವಾಗ ಅವುಗಳಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಿದ್ದೂ ಬೇಸಿಗೆಯಲ್ಲಿ ಆನೆ, ಕಾಟಿ, ಕಡವೆಗಳು ಇಲ್ಲಿ ಬದುಕುತ್ತವೆ. ಮೋಯಾರ್ ಕಣಿವೆಯಲ್ಲಿ ಕೃಷ್ಣಮೃಗವೂ ಇದೆ. ಇವುಗಳ ಪಾಲಿನ ನೀರು ಬಹುಮಟ್ಟಿಗೆ ಬೇರೆಡೆ ಬಿದ್ದ ಮಳೆಯದು. 2,554 ಮೀಟರ್ ಎತ್ತರದ ಮುಕುರ್ತಿ ಶಿಖರದ ಕಡೆ ಹುಟ್ಟುವ ಪೈಕಾರ ಹೊಳೆಯೇ ಕೆಳಗೆ ಮೋಯಾರ್ ಆಗಿ ಹರಿಯುತ್ತದೆ. ಸೀಗೂರು ಹಳ್ಳ, ಕೆದರಹಳ್ಳ, ಅವರಹಳ್ಳಗಳೂ ಬೆಟ್ಟದಿಂದಲೇ ಇಳಿಯುತ್ತವೆ. 1932ರಲ್ಲಿ ಸಿಂಗಾರದ ಜಲವಿದ್ಯುತ್ ಕೇಂದ್ರ ಶುರುವಾದಂದಿನಿಂದ ಪೈಕಾರದ ನೀರಿನ ಒಂದು ಪಾಲು ಕೊಳವೆಗಳಲ್ಲಿ ಧುಮುಕಿ ಈ ಒಣನಾಡಿಗೆ ಬರುತ್ತಿದೆ.

ಬೋಟ್ಸ್ವಾನಾದ ಒಕವಾಂಗೊ ಡೆಲ್ಟಾದ ಕಥೆಯೂ ಇದೇ ಜಾತಿಯದು. ಅಂಗೋಲಾದ ಎತ್ತರದ ಸೀಮೆಯಲ್ಲಿ ಜನವರಿ ಸುಮಾರಿಗೆ ಬಿದ್ದ ಮಳೆ ತಿಂಗಳುಗಟ್ಟಲೆ ನಿಧಾನವಾಗಿ ಹರಿದು, ಜೂನ್‌ನಿಂದ ಆಗಸ್ಟ್‌ವರೆಗಿನ ಒಣಗಾಲದಲ್ಲಿ ಕಲಹರಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಸುಮಾರು 1,30,000 ಆನೆಗಳಿರುವ ಆ ದೇಶದಲ್ಲಿ ಮಳೆಯಿಲ್ಲದ ಕಾಲದಲ್ಲೇ ನೆರೆ ಬರುತ್ತದೆ!

ಅಲ್ಲಿ ನೀರನ್ನು ತಡೆದು ತಡೆದು ಕಳಿಸುವುದು ಸಮತಟ್ಟಾದ ನೆಲ. ನೀಲಗಿರಿಯ ಇಳಿಜಾರು ಕಡಿದಾದದ್ದು, ಬಿದ್ದ ಮಳೆ ದಿನ ಕಳೆಯುವುದರೊಳಗೆ ಓಡಿಹೋಗಬಹುದು. ಅದನ್ನು ಹಿಡಿದಿಡುವುದು ಶೋಲಾದ ಕಪ್ಪು ಮಣ್ಣು, ಜೌಗು, ಹುಲ್ಲಿನ ಬೇರು. ಆ ಹುಲ್ಲುಗಾವಲನ್ನು ಬಂಜರೆಂದು ಬಗೆದು ಆಸ್ಟ್ರೇಲಿಯಾದ ವಾಟಲ್, ನೀಲಗಿರಿ ಮರಗಳನ್ನು ನೆಟ್ಟರು. ಗ್ಲೆನ್‌ಮಾರ್ಗನ್ ಬಳಿ ಅಕ್ಕಪಕ್ಕದ ಎರಡು ಜಲಾನಯನಗಳನ್ನು ಹೋಲಿಸಿ ಅಳೆದಾಗ, ನೀಲಗಿರಿ ನೆಟ್ಟ ಕಡೆ ತೊರೆಯ ನೀರು ತಗ್ಗಿದ್ದು ಕಂಡಿತು.

ತೊರೆ ಸೊರಗಿದರೆ ಪೆಟ್ಟು ಆನೆಗಷ್ಟೇ ಅಲ್ಲ. ಸೀಗೂರಿನ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟುವುದು ಹೊಳೆದಂಡೆಯ ಎತ್ತರದ ಮತ್ತಿಮರಗಳಲ್ಲಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಅವುಗಳ ಹೆಣ ತಿಂದ ಈ ಹಕ್ಕಿಗಳನ್ನು ಕೊಂದಿತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಲಾಯಿತು. ಉಳಿದವಕ್ಕೆ ಈ ಮರಗಳೇ ಮನೆ.

ಸೀಗೂರಿನ ಒಂದು ಕಡೆ ಮೋಯಾರ್ ಕಮರಿ, ಇನ್ನೊಂದು ಕಡೆ ಬೆಟ್ಟದ ಗೋಡೆ. ನಡುವಿನ ಕಿರಿದಾದ ನೆಲವೇ ಪೂರ್ವ, ಪಶ್ಚಿಮ ಘಟ್ಟಗಳ ನಡುವೆ ಆನೆಗಳ ಹಾದಿ. ಸರ್ಕಾರ ಗೊತ್ತುಮಾಡಿದ ಆ ಆನೆದಾರಿಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ದೊಡ್ಡ ತೀರ್ಪೇ ಸರಿ. ಆದರೆ ಆ ಹಾದಿಯ ನೀರಿನ ಮೂಲ ಸಾವಿರ ಮೀಟರ್ ಮೇಲಿದೆ. ಅಲ್ಲಿ ವಾಟಲ್ ಕಿತ್ತು ಹುಲ್ಲು ಮರಳಿಸುವ ಕೆಲಸವನ್ನೂ ಆನೆ ಸಂರಕ್ಷಣೆಯ ಲೆಕ್ಕಕ್ಕೇ ಸೇರಿಸಬೇಕು.